ನಮ್ಮ ನರ್ಸಿಂಗ್ ಹೋಮ್ ಡಿಜಿಟಲ್ ಪ್ರೋತ್ಸಾಹಧನ ಪಡೆದದ್ದು ಹೀಗೆ

ಜಮಖಂಡಿಯಲ್ಲಿ ನಮ್ಮದೊಂದು ಸಣ್ಣ ನರ್ಸಿಂಗ್ ಹೋಮ್ ಇದೆ. ಡಾಕ್ಟರಿಕೆ ಬಿಟ್ಟು ಉಳಿದದ್ದೆಲ್ಲ ನಾನು ನೋಡಿಕೊಳ್ಳುತ್ತೇನೆ. ಕೇಂದ್ರ ಸರ್ಕಾರ 2023ರ ಜನವರಿ 1ರಿಂದ ಡಿಜಿಟಲ್ ಆರೋಗ್ಯ ಪ್ರೋತ್ಸಾಹಧನ ಯೋಜನೆ ಶುರು ಮಾಡಿತು. 10 ಅಥವಾ ಹೆಚ್ಚು ಹಾಸಿಗೆಯ ಆಸ್ಪತ್ರೆಗಳು, ಲ್ಯಾಬ್‌ಗಳು ಸೇರಬಹುದಿತ್ತು. ಆಭಾ ಅಂದರೆ ರೋಗಿಯ ಆರೋಗ್ಯ ದಾಖಲೆಗಳನ್ನು ಜೋಡಿಸುವ 14 ಅಂಕಿಯ ನಂಬರ್. ಅದಕ್ಕೆ ದಾಖಲೆ ಜೋಡಿಸಿದಂತೆ ಹಣ ಸಿಗುತ್ತಿತ್ತು. ಗರಿಷ್ಠ 4 ಕೋಟಿ ರೂಪಾಯಿ. ನಮ್ಮಂಥವರಿಗೆ ಆ 4 ಕೋಟಿ ಓದೋಕೆ ಚೆಂದ ಅಷ್ಟೇ.

ಕಂಪ್ಯೂಟರ್ ಕೊಳ್ಳಲು ಮುಂಗಡ ಕೊಡ್ತಾರಾ ಅಂತ ಬಹಳ ಜನ ಕೇಳುತ್ತಾರೆ. ಇಲ್ಲ. ಮೊದಲು ಕೈಯಿಂದ ಖರ್ಚು ಮಾಡಬೇಕಿತ್ತು. ತಿಂಗಳಿಗೆ ಇಂತಿಷ್ಟು ದಾಖಲೆ ಅಂತ ಒಂದು ಮಟ್ಟ ಇತ್ತು, ಅದನ್ನು ದಾಟಿದ ಮೇಲಿನದಕ್ಕೆ ಮಾತ್ರ ದುಡ್ಡು. ಅದಕ್ಕೇ ನಾನು ಮೊದಲು ಚೌಕಾಸಿಗೆ ಕೂತೆ. ನಾವು ಜೋಡಿಸುವ ದಾಖಲೆಗೆ ಸಾಫ್ಟ್‌ವೇರ್ ಕಂಪನಿಗೂ ಸರ್ಕಾರದ ಪಾಲು ಸಿಗುತ್ತಿತ್ತಲ್ವಾ? ಅದನ್ನೇ ಹಿಡಿದು ಮಾತಾಡಿದೆ, ವರ್ಷದ ಶುಲ್ಕ ಇಳಿಯಿತು.

ಆಸ್ಪತ್ರೆ, ಡಾಕ್ಟರುಗಳ ನೋಂದಣಿ ಬರೀ ಕಾಗದದ ಕೆಲಸ. ಕಷ್ಟ ಇದ್ದದ್ದು ಕೌಂಟರಿನಲ್ಲಿ. ರೋಗಿಯ ಆಧಾರ್‌ಗೆ ಜೋಡಿಸಿದ ಫೋನು ಪುಣೆಯಲ್ಲಿ ದುಡಿಯುವ ಮಗನ ಕೈಯಲ್ಲಿರುತ್ತದೆ. ಆಭಾ ಮಾಡಿಸುವ ಓಟಿಪಿ ಅಲ್ಲಿಗೆ ಹೋಗುತ್ತದೆ, ಇಲ್ಲಿ ಸಾಲು ಬೆಳೆಯುತ್ತದೆ. ಹಾಗಾಗಿ ಆಭಾ ಮಾಡಿಸುವ ಕೆಲಸವನ್ನು ಬಿಪಿ ನೋಡುವ ಸಿಸ್ಟರ್ ಪಕ್ಕದ ಟೇಬಲ್ಲಿಗೆ ಸರಿಸಿದೆವು. ಅಲ್ಲಿ ಹೇಗೂ ಕಾಯುತ್ತಾ ಕೂತಿರುತ್ತಾರೆ, ಮಗನಿಗೆ ಫೋನ್ ಮಾಡೋಕೂ ಪುರುಸೊತ್ತು ಇರುತ್ತದೆ.

ಇನ್ನೊಂದು ಗೊಂದಲ ದಿನಾ ಇದ್ದದ್ದೇ. "ಈ ಕಾರ್ಡಿಗೆ 5 ಲಕ್ಷದ ತನಕ ಫ್ರೀ ಅಲ್ರೀ?" ಅಂತ ಕೇಳುತ್ತಾರೆ. "ಅಜ್ಜಾರ, ಅದು ಆಯುಷ್ಮಾನ್ ಕಾರ್ಡ್ ರೀ. ಇದು ನಿಮ್ಮ ರಿಪೋರ್ಟ್ ಇಡೋ ನಂಬರ್ ಅಷ್ಟ" ಅಂತ ಸಿಸ್ಟರ್ ಬಿಡಿಸಿ ಹೇಳುತ್ತಾರೆ. ಬೇಡ ಅಂದವರಿಗೆ ಒತ್ತಾಯ ಇಲ್ಲ. ಆಭಾ ಇರಲಿ ಬಿಡಲಿ, ಚಿಕಿತ್ಸೆ ಅದೇ.

ನಮ್ಮ ಕಡೆಯವರು ದೊಡ್ಡ ಕಾಯಿಲೆ ಅಂದ್ರೆ ಮಹಾರಾಷ್ಟ್ರದ ಮಿರಜ್‌ಗೆ ಹೋಗುತ್ತಾರೆ. ಅಲ್ಲಿನ ಆಸ್ಪತ್ರೆಯೂ ಈ ಆಭಾ ಜಾಲದಲ್ಲಿದ್ದರೆ, ರೋಗಿ ಫೋನಿನಲ್ಲಿ ಒಪ್ಪಿಗೆ ಕೊಟ್ಟ ಮೇಲೆ ನಮ್ಮ ರಿಪೋರ್ಟ್ ಅಲ್ಲಿ ಕಾಣುತ್ತದೆ. ಇದನ್ನು ಹೇಳಿದರೆ ಜನ ಬೇಗ ಒಪ್ಪುತ್ತಾರೆ. ದಾಖಲೆ ನಮ್ಮಲ್ಲೇ ಇರುತ್ತದೆ, ಎಲ್ಲವೂ ದಿಲ್ಲಿಗೆ ಹೋಗಿ ಕೂರುವುದಿಲ್ಲ.

ಲ್ಯಾಬ್ ರಿಪೋರ್ಟ್, ಡಿಸ್ಚಾರ್ಜ್ ಸಾರಾಂಶ ಮೊದಲೇ ಕಂಪ್ಯೂಟರಿನಲ್ಲಿ ಇರುತ್ತಿದ್ದವು. ಶುರು ಅಲ್ಲಿಂದಲೇ ಮಾಡಿದೆವು. ಔಷಧಿ ಚೀಟಿಯನ್ನು ನಮ್ಮ ಡಾಕ್ಟರು ಈಗಲೂ ಕೈಯಲ್ಲೇ ಬರೆಯುತ್ತಾರೆ, ನಮ್ಮಲ್ಲಿ ಕೆಲಸ ಮಾಡುವ ಹುಡುಗಿಯರು ಸ್ಕ್ಯಾನ್ ಮಾಡಿ ಏರಿಸುತ್ತಾರೆ. ಬಂದ ಹಣದಲ್ಲಿ ಒಂದು ಭಾಗ ಅವರ ಸಂಬಳಕ್ಕೆ ಸೇರಿಸಿದ್ದೇವೆ.