ಆರ್‌ವಿಲಿ ಸ್ಯಾಕ್ರಮೆಂಟೊ ರೈಲ್ ಮ್ಯೂಸಿಯಂಗೆ ಹೋಗೋರಿಗೆ

ಕ್ಯಾಲಿಫೋರ್ನಿಯಾ ಕಡೆ ಆರ್‌ವಿ (ಒಳಗೇ ಮಲಗೋಕೆ, ಅಡುಗೆಗೆ ಜಾಗ ಇರೋ ದೊಡ್ಡ ಗಾಡಿ) ಬಾಡಿಗೆಗೆ ತಗೊಂಡು ಸುತ್ತೋ ಪ್ಲಾನ್ ಇದ್ರೆ ಓಲ್ಡ್ ಸ್ಯಾಕ್ರಮೆಂಟೊದಲ್ಲಿರೋ ಸ್ಟೇಟ್ ರೈಲ್‌ರೋಡ್ ಮ್ಯೂಸಿಯಂ ಬಿಡ್ಬೇಡಿ, ಆದ್ರೆ ಗಾಡಿನ ಅಲ್ಲೀತನಕ ಓಡಿಸ್ಕೊಂಡು ಹೋಗ್ಬೇಡಿ. ಅಲ್ಲಿ ಕಲ್ಲುಹಾಸಿನ ಇಕ್ಕಟ್ಟು ರಸ್ತೆ, ಪಾರ್ಕಿಂಗ್ ಗ್ಯಾರೇಜ್ ಒಳಗೆ ಆರ್‌ವಿ ಎತ್ತರಕ್ಕೆ ಹಿಡ್ಸಲ್ಲ. ನಾವು ಎರಡು ರೌಂಡ್ ಹೊಡ್ದು, ರಿವರ್ಸ್ ತೆಗೆಯೋಕೂ ಆಗ್ದೆ, ಹಿಂದಿನವ್ರ ಹಾರ್ನ್ ಕೇಳ್ಕೊಂಡು, ಕೊನೆಗೆ ಕ್ಯಾಂಪ್‌ಗ್ರೌಂಡಿಗೇ ವಾಪಸ್ ಹೋಗಿ ನಿಲ್ಸಿ ಊಬರ್ ಮಾಡ್ಕೊಂಡ್ ಬಂದ್ವಿ, ಅದನ್ನ ಮೊದ್ಲೇ ಮಾಡಿದ್ರೆ ಬೆಳಗ್ಗೆ ಒಂದು ಗಂಟೆ ಉಳೀತಿತ್ತು.

ಒಳಗೆ ಹೋದ್ಮೇಲೆ 4294 ನಂಬರಿನ ಸ್ಟೀಮ್ ಇಂಜಿನ್ ಹತ್ರ ನಿಧಾನಕ್ಕೆ ನಿಂತು ನೋಡಿ. 1944ರದ್ದು, ಡ್ರೈವರ್ ಕ್ಯಾಬಿನ್ ಮುಂದೆ, ಚಿಮಣಿ ಹಿಂದೆ! ಸಿಯೆರಾ ನೆವಾಡಾ ಬೆಟ್ಟದ ಸುರಂಗಗಳಲ್ಲಿ, ಹಿಮ ತಡೆಯೋ ಉದ್ದುದ್ದ ಶೆಡ್‌ಗಳಲ್ಲಿ ಹೊಗೆಗೆ ಸಿಬ್ಬಂದಿ ಉಸಿರು ಕಟ್ತಿತ್ತಂತೆ, ಅದ್ಕೇ ಈ ತಲೆಕೆಳಗು ಡಿಸೈನ್, ಕಲ್ಲಿದ್ದಲ ಬದ್ಲು ಎಣ್ಣೆ ಉರಿಸೋದ್ರಿಂದ ಇದು ಸಾಧ್ಯ ಆಯ್ತು. ಈ ಥರದ್ದು ಉಳ್ದಿರೋದು ಇದೊಂದೇ.

ಆಮೇಲೆ ಸೇಂಟ್ ಹಯಸಿಂತ್ ಅನ್ನೋ 1929ರ ಸ್ಲೀಪರ್ ಬೋಗಿ, ಓಡ್ತಿರೋ ಥರಾನೇ ಅಲ್ಲಾಡತ್ತೆ, ಕಿಟಕಿ ಆಚೆ ಲೈಟ್ ಹೋಗ್ತಾ ಇರತ್ತೆ. ನಮ್ಮಮ್ಮ ಅಂತೂ ಅರಸೀಕೆರೆ ಬಂತಾ ಅಂದ್ರು.

ಮಕ್ಳಿದ್ರೆ ಮೂರು ಗಂಟೆ ಇಟ್ಕೊಳ್ಳಿ, ಮೇಲಿನ ಫ್ಲೋರಲ್ಲಿ ಆಟದ ರೈಲುಗಳಿವೆ, ಅಲ್ಲಿಂದ ಅವ್ರನ್ನ ಎಬ್ಸೋದು ಕಷ್ಟ.