ಮೆಲ್ಬರ್ನ್ ಗ್ಯಾರೇಜಿನಲ್ಲಿ ಬಿಯರ್: ದುಡ್ಡನ್ನು ಪಾತ್ರೆಗಲ್ಲ, ಫ್ರಿಜ್‌ಗೆ ಹಾಕಿ

ಮನೆಯಲ್ಲಿ ಬಿಯರ್ ಮಾಡಲು ಏನೇನು ಸಾಮಾನು ಬೇಕು ಅಂತ ಕೇಳುವವರೆಲ್ಲ ಮೊದಲು ವಿಚಾರಿಸುವುದು ಪಾತ್ರೆಯ ಬಗ್ಗೆ. ಎಷ್ಟು ಲೀಟರಿನದು, ಸ್ಟೀಲಾ ಅಲ್ಯೂಮಿನಿಯಮ್ಮಾ, ಪಂಪ್ ಇದೆಯಾ, ಆ್ಯಪ್‌ನಲ್ಲಿ ನಡೆಯುತ್ತದಾ. ನಾನು ಅವರಿಗೆ ಮೊದಲು ತೋರಿಸುವುದು ಗ್ಯಾರೇಜಿನ ಮೂಲೆಯಲ್ಲಿರುವ ಹಳೇ ಫ್ರಿಜ್ಜನ್ನು. ಬಾಗಿಲ ಅಂಚಿಗೆ ತುಕ್ಕು ಹಿಡಿದಿದೆ, ಒಳಗಿನ ಶೆಲ್ಫ್ ಮತ್ತು ತರಕಾರಿ ಡಬ್ಬ ಎಲ್ಲ ತೆಗೆದಿದ್ದೇನೆ. ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟಿಯಾಗಿ ಕೊಟ್ಟದ್ದು. ನನ್ನ ಬಿಯರ್ ಚೆನ್ನಾಗಿ ಬರುವುದಕ್ಕೆ ಮುಖ್ಯ ಕಾರಣ ಅದೇ.

ಯಾಕೆ ಅಂದರೆ, ಒಲೆಯ ಮೇಲೆ ನಾವು ಮಾಡುವುದು ಬಿಯರ್ ಅಲ್ಲ. ಅದು ವರ್ಟ್, ಅಂದರೆ ಮಾಲ್ಟ್‌ನ (ಮೊಳಕೆ ಕಟ್ಟಿಸಿದ ಬಾರ್ಲಿಯ) ಸಿಹಿ ನೀರು. ಅದನ್ನು ಬಿಯರ್ ಮಾಡುವುದು ಯೀಸ್ಟ್, ಮತ್ತು ಯೀಸ್ಟಿಗೆ ಬೇಕಾದದ್ದು ಹೊಳೆಯುವ ಸ್ಟೀಲ್ ಅಲ್ಲ, ಏರುಪೇರಿಲ್ಲದ ತಾಪಮಾನ. ಏಲ್, ಅಂದರೆ ಸ್ವಲ್ಪ ಬೆಚ್ಚಗೆ ಹುದುಗುವ ಬಿಯರಿನ ಸಾಮಾನ್ಯ ಯೀಸ್ಟುಗಳಿಗೆ 18ರಿಂದ 20 ಡಿಗ್ರಿ ಇದ್ದರೆ ಸಾಕು. 25 ದಾಟಿತು ಅಂದರೆ ಸುಡುವಂಥ ಆಲ್ಕೋಹಾಲ್ ವಾಸನೆ, ಅತಿಯಾದ ಹಣ್ಣಿನ ವಾಸನೆ ಎಲ್ಲ ಬರುತ್ತವೆ. ಮೆಲ್ಬರ್ನ್ ಹವಾಮಾನ ಗೊತ್ತಲ್ವಾ? ಜನವರಿಯಲ್ಲಿ ಹಗಲು 40 ಡಿಗ್ರಿ ಮುಟ್ಟಿ ಸಂಜೆ ದಕ್ಷಿಣದ ಗಾಳಿ ಬೀಸಿತು ಅಂದರೆ ಒಂದೆರಡು ಗಂಟೆಯಲ್ಲಿ ಹದಿನೈದು ಡಿಗ್ರಿ ಇಳಿಯುತ್ತದೆ. ಜುಲೈನಲ್ಲಿ ಗ್ಯಾರೇಜು ಹತ್ತು ಡಿಗ್ರಿಯಲ್ಲಿ ನಡುಗುತ್ತಿರುತ್ತದೆ. ಸಾಲದ್ದಕ್ಕೆ ಹುದುಗುವಾಗ ಯೀಸ್ಟ್ ತಾನೇ ಬಿಸಿ ಹುಟ್ಟಿಸುತ್ತದೆ, ಜೋರಾಗಿ ಹುದುಗುವ ದಿನಗಳಲ್ಲಿ ಡಬ್ಬದ ಒಳಗಿನ ಬಿಯರ್ ಹೊರಗಿನ ಗಾಳಿಗಿಂತ ಮೂರ್ನಾಲ್ಕು ಡಿಗ್ರಿ ಜಾಸ್ತಿ ಇರಬಹುದು.

ಫ್ರಿಜ್‌ನ ವ್ಯವಸ್ಥೆ ಹೀಗಿದೆ. ಗೋಡೆಯ ಪ್ಲಗ್‌ಗೆ ಒಂದು ಟೆಂಪರೇಚರ್ ಕಂಟ್ರೋಲರ್, ನನ್ನದು ಇಂಕ್‌ಬರ್ಡ್ ಕಂಪನಿಯದು. ಅದರಲ್ಲಿ ಎರಡು ಸಾಕೆಟ್, ಒಂದು ತಂಪಿಗೆ, ಒಂದು ಬಿಸಿಗೆ. ತಂಪಿನ ಸಾಕೆಟ್‌ಗೆ ಫ್ರಿಜ್, ಬಿಸಿಯದಕ್ಕೆ ಹೀಟ್ ಬೆಲ್ಟ್, ಅಂದರೆ ಫರ್ಮೆಂಟರ್ (ಬಿಯರ್ ಹುದುಗುವ ಡಬ್ಬ) ಸುತ್ತ ಕಟ್ಟುವ ಸಣ್ಣ ಬಿಸಿ ಪಟ್ಟಿ. ಕಂಟ್ರೋಲರಿನ ಸೆನ್ಸರನ್ನು ಸುಮ್ನೆ ಗಾಳಿಯಲ್ಲಿ ತೂಗಿಬಿಡಬಾರದು. ಫರ್ಮೆಂಟರಿನ ಮೈಗೆ ಒತ್ತಿ, ಮೇಲೆ ಒಂದು ದಪ್ಪ ಸ್ಪಂಜಿನ ತುಂಡಿಟ್ಟು ಟೇಪ್ ಸುತ್ತಬೇಕು. ಆಗ ಅದು ಓದುವುದು ಬಿಯರಿನ ಬಿಸಿಯನ್ನು, ಫ್ರಿಜ್ ಗಾಳಿಯದ್ದನ್ನಲ್ಲ. 18 ಡಿಗ್ರಿಗೆ ಇಟ್ಟು ಅರ್ಧ ಡಿಗ್ರಿ ವ್ಯತ್ಯಾಸ ಕೊಟ್ಟಿದ್ದೇನೆ. ಕಂಪ್ರೆಸರ್ ಪದೇ ಪದೇ ಆನ್ ಆಫ್ ಆಗಿ ಹಾಳಾಗದಂತೆ ನಡುವೆ ಕೆಲವು ನಿಮಿಷ ಕಾಯುವ ಸೆಟ್ಟಿಂಗ್ ಇರುತ್ತದೆ, ಅದನ್ನು ಮರೆಯದೆ ಹಾಕಿ. ಒಂದು ಎಚ್ಚರಿಕೆ: ಹುದುಗುತ್ತಿರುವಾಗ ಫ್ರಿಜ್ ತುಂಬ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತದೆ. ಬಾಗಿಲು ತೆರೆದ ತಕ್ಷಣ ತಲೆ ಒಳಗೆ ಹಾಕಬೇಡಿ, ಮೂಗು ಚುರುಗುಟ್ಟುತ್ತದೆ.

ಫರ್ಮೆಂಟರ್ ಅಂದರೆ ನನ್ನ ಬಳಿ ಇರುವುದು 30 ಲೀಟರಿನ ಬಿಳೀ ಪ್ಲಾಸ್ಟಿಕ್ ಡ್ರಮ್ಮು, ಕೆಳಗೆ ನಲ್ಲಿ. ಅದರಲ್ಲಿ 23 ಲೀಟರ್ ಹಾಕಿದರೆ ನೊರೆ ಏಳಲು ಜಾಗ ಉಳಿಯುತ್ತದೆ. ಮುಚ್ಚಳ, ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ, ನೀರು ತುಂಬಿದ ಸಣ್ಣ ಕೊಳವೆ) ಎರಡೂ ಇವೆ, ಆದರೆ ನಾನು ಬಳಸುವುದಿಲ್ಲ. ಇಲ್ಲಿಯವರು ಬಹಳ ಜನ ಮಾಡುವ ಹಾಗೆ ಬಾಯಿಗೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಎಳೆದು ಮುಚ್ಚಳದ ರಬ್ಬರ್ ರಿಂಗನ್ನೇ ಮೇಲೆ ಹಾಕಿ ಬಿಗಿಯುತ್ತೇನೆ. ಗಾಳಿ ಹೆಚ್ಚಾದರೆ ಅಂಚಿನಿಂದ ತಾನೇ ಹೊರಹೋಗುತ್ತದೆ. ಒಳಗೆ ಏನಾಗುತ್ತಿದೆ ಅಂತ ನೋಡಲೂಬಹುದು. ಕೊನೆಗೆ ತಂಪು ಮಾಡುವಾಗ ಏರ್‌ಲಾಕ್ ನೀರು ಒಳಗೆ ಎಳೆದುಕೊಳ್ಳುವ ತಾಪತ್ರಯವೂ ಇಲ್ಲ.

ನಲ್ಲಿಯ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಇಡೀ ಸೆಟಪ್‌ನಲ್ಲಿ ಅತಿ ಕೊಳಕು ಸೇರುವ ಜಾಗ ಅದು. ಹೊರಗಿನಿಂದ ತೊಳೆದರೆ ಆಗದು. ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಒಳಗಿನ ಕೊಳವೆಯನ್ನು ಒತ್ತಿದರೆ ಎರಡು ಭಾಗವಾಗಿ ಬಿಡಿಸಿಕೊಳ್ಳುತ್ತದೆ. ಪ್ರತಿ ಸಲ ಬಿಡಿಸಿ ತೊಳೆಯಬೇಕು. ಡ್ರಮ್ಮಿನ ಒಳಗೆ ತಂತಿ ನಾರು, ಹಸಿರು ಸ್ಕ್ರಬ್ ಮುಟ್ಟಿಸಬೇಡಿ, ಗೀರು ಬಿದ್ದರೆ ಕ್ರಿಮಿಗಳು ಅಲ್ಲೇ ಮನೆ ಮಾಡುತ್ತವೆ. ತೊಳೆಯುವುದಕ್ಕೆ ನಾನು ಸೋಡಿಯಂ ಪರ್ಕಾರ್ಬೊನೇಟ್ ಹಾಕಿ ರಾತ್ರಿಯಿಡೀ ನೆನೆಸುತ್ತೇನೆ. ಸೂಪರ್‌ಮಾರ್ಕೆಟ್ಟಿನ ಬಟ್ಟೆ ನೆನೆಸುವ ಹಲವು ಪುಡಿಗಳಲ್ಲಿ ಕೊಳೆ ತೆಗೆಯುವುದೂ ಅದೇ, ವಾಸನೆ ಬೆರೆಸದ್ದನ್ನು ನೋಡಿ ತನ್ನಿ. ಆಮೇಲೆ ಕ್ರಿಮಿ ಕೊಲ್ಲುವ ಸ್ಟಾರ್‌ಸ್ಯಾನ್ ದ್ರಾವಣ, ಲೀಟರಿಗೆ ಒಂದೂವರೆ ಮಿಲಿಲೀಟರ್, ಸ್ಪ್ರೇ ಬಾಟಲಿಯಲ್ಲಿ. ಅದನ್ನು ಮತ್ತೆ ನೀರಿನಿಂದ ತೊಳೆಯುವ ಅಗತ್ಯ ಇಲ್ಲ, ನೊರೆ ಉಳಿದರೂ ಭಯ ಬೇಡ.

ಇಲ್ಲಿ ಒಂದು ಮಾತು. ಆಸ್ಟ್ರೇಲಿಯಾದಲ್ಲಿ ಮನೆಯ ಬಳಕೆಗೆ ಬಿಯರ್ ಮಾಡಿಕೊಳ್ಳುವುದು 1970ರ ದಶಕದಿಂದ, ಗಫ್ ವಿಟ್ಲಮ್ ಸರ್ಕಾರದ ಕಾಲದಿಂದ ಕಾನೂನುಬದ್ಧ. ಮಾರುವಂತಿಲ್ಲ, ಭಟ್ಟಿ ಇಳಿಸುವಂತಿಲ್ಲ. ನಮ್ಮ ಊರಿನಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ, ಹಾಗಾಗಿ ಬೆಂಗಳೂರಿನಲ್ಲಿ ಇದನ್ನು ಮಾಡಿ ನೋಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅಲ್ಲಿರುವವರಿಗೆ ಇಂದಿರಾನಗರದ ಮೈಕ್ರೋಬ್ರೂವರಿಗಳಿವೆ. ಅಲ್ಲೇ ತಾಜಾ ಬಿಯರ್ ರುಚಿ ಹತ್ತಿದ್ದು ನನಗೂ.

ಈಗ ಬಿಸಿಯ ಕಡೆ ಬರೋಣ. ನನ್ನ ಪಾತ್ರೆ 40 ಲೀಟರಿನ ಕರೆಂಟ್ ಅರ್ನ್, ಸಮಾರಂಭಗಳಲ್ಲಿ ಚಹಾದ ನೀರು ಕಾಯಿಸಲು ಇಡುತ್ತಾರಲ್ಲ, ಅದೇ. 2400 ವ್ಯಾಟ್, ಮಾಮೂಲಿ 10 ಆಂಪಿಯರ್ ಪ್ಲಗ್‌ಗೆ ಸಾಕು, ಗ್ಯಾಸ್ ಬೇಡ. ಅದರ ಜೊತೆಗೆ ಒಂದು ಬಟ್ಟೆ ಚೀಲ. ಚೀಲದಲ್ಲಿ ಧಾನ್ಯ, ಅಂದರೆ ಮಾಲ್ಟ್, ಹಾಕಿ ಅದೇ ಪಾತ್ರೆಯಲ್ಲಿ ನೆನೆಸಿ, ಎತ್ತಿ, ಅದೇ ಪಾತ್ರೆಯಲ್ಲಿ ಕುದಿಸುವುದು. ಬ್ರೂ ಇನ್ ಎ ಬ್ಯಾಗ್ ಅನ್ನುವ ಈ ಪದ್ಧತಿ ಬೆಳೆದದ್ದೇ ಆಸ್ಟ್ರೇಲಿಯಾದಲ್ಲಿ. ಮೂರು ಪಾತ್ರೆ, ಪಂಪು, ಪೈಪು ಎಲ್ಲ ಇದ್ದ ಜಾಗದಲ್ಲಿ ಒಂದೇ ಪಾತ್ರೆ. ಚೀಲಕ್ಕೆ ಬೇಕಾದದ್ದು ವಾಯ್ಲ್ ಅನ್ನುವ ತೆಳು ಪಾಲಿಯೆಸ್ಟರ್ ಪರದೆ ಬಟ್ಟೆ. ಸ್ಪಾಟ್‌ಲೈಟ್ ಅಂಗಡಿಯಿಂದ ತಂದು ನನ್ನ ಹೆಂಡತಿಯ ಮೆಷಿನ್ನಿನಲ್ಲಿ ನಾನೇ ಹೊಲಿದೆ, ಬಾಯಿಗೆ ಲಾಡಿ, ಕೆಳಗೆ ಎರಡು ಹೊಲಿಗೆ.

ಮಾಲ್ಟ್ ಅಂದರೆ ಮೊಳಕೆ ಕಟ್ಟಿಸಿ ಒಣಗಿಸಿದ ಬಾರ್ಲಿ. ನಮ್ಮಲ್ಲಿ ಮಕ್ಕಳಿಗೆ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಸರಿ ಮಾಡುತ್ತಾರಲ್ಲ, ವಿದ್ಯೆ ಅದೇ. ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಮೊಳಕೆಯಲ್ಲಿ ಸಿದ್ಧವಾಗುತ್ತವೆ. ಮಾಲ್ಟನ್ನು ಅಂಗಡಿಯಲ್ಲೇ ಎರಡು ರೋಲರಿನ ಮಿಲ್ಲಿನಲ್ಲಿ ಒಡೆಸಿಕೊಂಡು ಬರುತ್ತೇನೆ. ಮನೆಯ ಮಿಕ್ಸಿಗೆ ಹಾಕಬೇಡಿ, ಹೊಟ್ಟೂ ಪುಡಿಯಾಗಿ ಬಿಯರ್ ಒಗರಾಗುತ್ತದೆ.

ನಾನು ಹೆಚ್ಚಾಗಿ ಮಾಡುವ ಪೇಲ್ ಏಲ್‌ಗೆ 5 ಕೆಜಿ ಧಾನ್ಯ, 33 ಲೀಟರ್ ನೀರು. ಕೇಳಲು ಜಾಸ್ತಿ ಅನಿಸಬಹುದು. ಧಾನ್ಯ ಸುಮಾರು 4 ಲೀಟರ್ ಹೀರುತ್ತದೆ, ಒಂದು ಗಂಟೆಯ ಕುದಿತದಲ್ಲಿ ಮೂರೂವರೆ ಲೀಟರ್ ಆವಿ, ತಳದ ಗಸಿಯಲ್ಲಿ ಎರಡೂವರೆ, ಉಳಿಯುವುದು 23. ಮೆಲ್ಬರ್ನ್ ನೀರು ತುಂಬಾ ಮೆದು, ಖನಿಜ ಕಡಿಮೆ, ಅದಕ್ಕೆ ಒಂದು ಚಮಚ ಜಿಪ್ಸಮ್ ಹಾಕುತ್ತೇನೆ. ನೀರು 69 ಡಿಗ್ರಿಗೆ ಬಂದಾಗ ಚೀಲ ಇಳಿಸಿ ಧಾನ್ಯ ಸುರಿದು ಕಲಕಿದರೆ 66ಕ್ಕೆ ಬಂದು ನಿಲ್ಲುತ್ತದೆ. ಕರೆಂಟ್ ಆಫ್ ಮಾಡಿ ಅರ್ನ್ ಸುತ್ತ ಊರಿಂದ ತಂದ ಕಂಬಳಿ ಸುತ್ತಿ ಒಂದು ಗಂಟೆ ಬಿಟ್ಟರೆ ಒಂದೆರಡು ಡಿಗ್ರಿ ಇಳಿಯಬಹುದು, ಅಷ್ಟೇ. ತಳದಲ್ಲಿ ಒಂದು ದುಂಡನೆಯ ಕೇಕ್ ಸ್ಟ್ಯಾಂಡ್ ಇಟ್ಟಿರುತ್ತೇನೆ, ಚೀಲ ಎಲಿಮೆಂಟಿಗೆ ತಾಗಿ ಸುಡದಿರಲಿ ಅಂತ. ಆಮೇಲೆ ಚೀಲ ಎತ್ತುವುದಕ್ಕೆ ಗ್ಯಾರೇಜಿನ ತೊಲೆಗೆ ಒಂದು ರಾಟೆ, ಹಗ್ಗ. ನೆನೆದ ಧಾನ್ಯ ಒಂಬತ್ತು ಹತ್ತು ಕೆಜಿ ತೂಗುತ್ತದೆ, ಬಿಸಿ ಬೇರೆ, ಕೈಯಲ್ಲಿ ಎತ್ತಿ ಹಿಡಿಯುವ ಸಾಹಸ ಬೇಡ. ಹಗ್ಗ ಕಟ್ಟಿ ತೂಗಿಬಿಟ್ಟು ಅರ್ನ್ ಆನ್ ಮಾಡಿದರೆ ಕುದಿಯುವಷ್ಟರಲ್ಲಿ ಎಲ್ಲ ಬಸಿದಿರುತ್ತದೆ. ಹಿಂಡಿದ ಧಾನ್ಯ ಪಕ್ಕದ ಮನೆಯವರ ಕೋಳಿಗಳಿಗೆ. ಒಂದು ಹಿಡಿ ಒಣಗಿಸಿ ಪುಡಿ ಮಾಡಿ ಅಕ್ಕಿ ರೊಟ್ಟಿ ಹಿಟ್ಟಿಗೆ ಬೆರೆಸಿದರೂ ಚೆನ್ನಾಗಿರುತ್ತದೆ.

ಕುದಿಸಿದ್ದನ್ನು ಆರಿಸುವುದು ಹೇಗೆ? ಬೇರೆ ದೇಶಗಳಲ್ಲಿ ತಾಮ್ರದ ಸುರುಳಿ ಇಳಿಬಿಟ್ಟು ಅದರೊಳಗೆ ತಣ್ಣೀರು ಹರಿಸುತ್ತಾರೆ. ಒಂದು ಸಲಕ್ಕೆ ನೂರು ಲೀಟರಿನ ಆಸುಪಾಸು ನೀರು ಹೋಗುತ್ತದೆ. ಇಲ್ಲಿ 1997ರಿಂದ 2009ರವರೆಗೆ ದೊಡ್ಡ ಬರ ಇತ್ತು, ನೀರಿನ ಬಳಕೆಗೆ ಕಟ್ಟುನಿಟ್ಟು. ಮನೆಯಲ್ಲಿ ಬಿಯರ್ ಮಾಡುವವರು ನೀರು ಚೆಲ್ಲದ ದಾರಿಯನ್ನು ಅಪ್ಪಿಕೊಂಡರು. ಕುದಿಯುವ ವರ್ಟನ್ನು ನೇರ 20 ಲೀಟರಿನ ಚೌಕ ಪ್ಲಾಸ್ಟಿಕ್ ಕ್ಯಾನಿಗೆ ತುಂಬುವುದು. ಅದನ್ನು ಇಲ್ಲಿ ಕ್ಯೂಬ್ ಅನ್ನುತ್ತಾರೆ. ತಳದಲ್ಲಿ ತ್ರಿಕೋನದೊಳಗೆ 2 ಅಂತ ಅಚ್ಚಿರುವ, ಆಹಾರಕ್ಕೆ ಅಂತಲೇ ಮಾಡಿದ ಗಟ್ಟಿ ಪ್ಲಾಸ್ಟಿಕ್ಕೇ ಆಗಬೇಕು. ಹೆಸರಿಗೆ 20 ಲೀಟರ್ ಆದರೂ ಕತ್ತಿನವರೆಗೆ ತುಂಬಿದರೆ ನನ್ನ ಕ್ಯೂಬಿಗೆ ಒಂದೆರಡು ಲೀಟರ್ ಜಾಸ್ತಿಯೇ ಹಿಡಿಯುತ್ತದೆ, ಉಳಿದದ್ದನ್ನು ಒಂದು ಸಣ್ಣ ಕ್ಯಾನಿಗೆ ಹಿಡಿಯುತ್ತೇನೆ. ತುಂಬುವಾಗ ಅರ್ನಿನ ನಲ್ಲಿಗೆ ಬಿಸಿ ತಡೆಯುವ ಸಿಲಿಕಾನ್ ಪೈಪ್, ಕೈಗೆ ದಪ್ಪ ಗ್ಲೌಸ್, ಕಾಲಿಗೆ ಶೂ, ಮಕ್ಕಳು ಗ್ಯಾರೇಜಿನಿಂದ ಆಚೆ. ತುಂಬಿದ ಮೇಲೆ ಬದಿ ಒತ್ತಿ ಗಾಳಿ ಪೂರ್ತಿ ಹೊರಹಾಕಿ ಬಿರಡೆ ಬಿಗಿದು, ಕ್ಯಾನನ್ನು ಒಂದೊಂದು ಮಗ್ಗುಲಿಗೆ ಕೆಲವು ನಿಮಿಷ ಮಲಗಿಸಿ. ಹಿಡಿಯ ಒಳಭಾಗಕ್ಕೂ ಬಿರಡೆಗೂ ಬಿಸಿ ವರ್ಟ್ ತಾಗಬೇಕು. ಬೆಳಗ್ಗೆ ಹೊತ್ತಿಗೆ ತಣ್ಣಗಾಗಿ ಬದಿಗಳು ಒಳಕ್ಕೆ ಕುಗ್ಗಿರುತ್ತವೆ. ಉಬ್ಬಿಕೊಂಡಿದ್ದರೆ ಒಳಗೆ ಏನೋ ಬೆಳೆಯುತ್ತಿದೆ ಅಂತ ಅರ್ಥ, ಚೆಲ್ಲಿಬಿಡಿ.

ಕೆಲವರು ಕ್ಯೂಬನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ವರ್ಟಿನ ಪಿಎಚ್ 5ರ ಮೇಲಿರುತ್ತದೆ, ಅಂದರೆ ಹುಳಿ ಸಾಲದು, ಗಾಳಿ ಇಲ್ಲ, ಸಕ್ಕರೆ ಇದೆ. ಬಾಟುಲಿಸಮ್ ಅನ್ನುವ ಜೀವಕ್ಕೇ ಅಪಾಯದ ಆಹಾರ ವಿಷ ತರುವ ಬ್ಯಾಕ್ಟೀರಿಯಾದ ಬೀಜಕಣ ಬರೀ ಕುದಿಸಿದರೆ ಸಾಯುವುದಿಲ್ಲ. ಮಾರನೇ ದಿನವೇ ಯೀಸ್ಟ್ ಹಾಕಿಬಿಡಿ, ಅದು ಪಿಎಚ್ ಇಳಿಸಿ ಆಲ್ಕೋಹಾಲ್ ಮಾಡಿ ಬಿಯರನ್ನು ಕಾಯುತ್ತದೆ.

ಕ್ಯೂಬಿನಿಂದ ಹಾಪ್ಸ್, ಅಂದರೆ ಬಿಯರಿಗೆ ಕಹಿ ಮತ್ತು ಘಮ ಕೊಡುವ ಹೂವಿನ, ಲೆಕ್ಕವೂ ಬದಲಾಗುತ್ತದೆ. ವರ್ಟ್ ನಿಧಾನ ಆರುವುದರಿಂದ ಕೊನೆಯಲ್ಲಿ ಹಾಕಿದ ಹಾಪ್ಸ್ ಕೂಡ ಕಹಿ ಬಿಡುತ್ತಲೇ ಇರುತ್ತದೆ. ನಾನು ಕುದಿಯ ಶುರುವಿನಲ್ಲಿ 15 ಗ್ರಾಂ ಕ್ಯಾಸ್ಕೇಡ್ ಹಾಪ್ಸ್ ಮಾತ್ರ ಹಾಕಿ, 30 ಗ್ರಾಂ ಗ್ಯಾಲಕ್ಸಿಯನ್ನು ಕ್ಯೂಬಿಗೇ ಹಾಕುತ್ತೇನೆ. ಅದನ್ನು 20 ನಿಮಿಷ ಕುದಿಸಿದ ಹಾಗೆ ಲೆಕ್ಕ ಹಿಡಿದರೆ ಕಹಿ ಸರಿಯಾಗಿ ಬರುತ್ತದೆ. ಗ್ಯಾಲಕ್ಸಿ ಇಲ್ಲಿನದೇ ಹಾಪ್ಸ್, ಪ್ಯಾಶನ್ ಫ್ರೂಟ್ ಘಮ.

ಮಾರನೇ ದಿನ ಕ್ಯೂಬಿನಿಂದ ಫರ್ಮೆಂಟರಿಗೆ ಎತ್ತರದಿಂದ ಸುರಿಯುತ್ತೇನೆ, ಗಾಳಿ ಸೇರಲಿ ಅಂತ. ಯುಎಸ್-05 ಒಣ ಯೀಸ್ಟ್, ಹನ್ನೊಂದೂವರೆ ಗ್ರಾಂ ಪೊಟ್ಟಣ ಪೂರ್ತಿ. ದ್ರವ ನೀರಿಗಿಂತ ಎಷ್ಟು ಗಟ್ಟಿ ಅಂತ ತೇಲಿ ತೋರಿಸುವ ಹೈಡ್ರೋಮೀಟರಿನಲ್ಲಿ ಶುರುವಿಗೆ 1.048, ಮುಗಿದಾಗ 1.010, ಅಂದರೆ ಸುಮಾರು 5 ಶೇಕಡಾ ಆಲ್ಕೋಹಾಲ್. ಹೈಡ್ರೋಮೀಟರ್ ತಂದ ದಿನವೇ 20 ಡಿಗ್ರಿಯ ಬರೀ ನೀರಿನಲ್ಲಿ ತೇಲಿಸಿ 1.000 ತೋರಿಸುತ್ತದಾ ನೋಡಿಕೊಳ್ಳಿ. ಎರಡು ಮೂರು ದಿನ ರೀಡಿಂಗ್ ಅಲ್ಲಾಡದೆ ನಿಂತ ಮೇಲಷ್ಟೇ ಬಾಟಲಿಗೆ. ಅವಸರ ಮಾಡಿದರೆ ಗಾಜಿನ ಬಾಟಲಿ ಸಿಡಿಯುತ್ತದೆ, ಇದರಲ್ಲಿ ರಾಜಿ ಇಲ್ಲ.

ಬಾಟಲಿಯಲ್ಲಿ ಗ್ಯಾಸ್ ಏಳಲಿ ಅಂತ ಲೀಟರಿಗೆ ಆರು ಗ್ರಾಂ ಸಕ್ಕರೆ, 740 ಮಿಲಿಲೀಟರಿನ ಪ್ಲಾಸ್ಟಿಕ್ ಬಾಟಲಿಗಳು, ಎರಡು ವಾರ ಬೆಚ್ಚಗಿನ ಜಾಗ. ಒತ್ತಿ ನೋಡಿದರೆ ಗಟ್ಟಿಯಾಗಿದ್ದರೆ ಆಯಿತು. ನಾನು ಈಗ ಕೆಗ್‌ಗೆ ಬದಲಾಗಿದ್ದೇನೆ, ತಂಪು ಪಾನೀಯದ ಕಂಪನಿಗಳು ಸಿರಪ್ ತುಂಬುತ್ತಿದ್ದ ಮಾದರಿಯ 19 ಲೀಟರಿನ ಸ್ಟೀಲ್ ಕೆಗ್. ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಜೋಡಿಸಿ 4 ಡಿಗ್ರಿಯಲ್ಲಿ ಸುಮಾರು 80 ಕಿಲೋಪ್ಯಾಸ್ಕಲ್ ಒತ್ತಡಕ್ಕೆ ಒಂದು ವಾರ ಇಟ್ಟರೆ ಗ್ಯಾಸ್ ಹದವಾಗಿ ಸೇರುತ್ತದೆ. ಪ್ರತಿ ಜಾಯಿಂಟಿಗೆ ಸೋಪಿನ ನೀರು ಸಿಂಪಡಿಸಿ ಗುಳ್ಳೆ ನೋಡಿ. ಸಣ್ಣ ಸೋರಿಕೆ ಇದ್ದರೂ ಸಿಲಿಂಡರ್ ಒಂದೇ ರಾತ್ರಿಯಲ್ಲಿ ಖಾಲಿ, ಮುಚ್ಚಿದ ಕೋಣೆಯಾದರೆ ಜೀವಕ್ಕೂ ಅಪಾಯ.

ಗ್ರೇನ್‌ಫಾದರ್, ಬ್ರೂಜಿಲ್ಲಾ ಥರದ ಪಂಪ್ ಸಮೇತ ಇರುವ ಮೆಷಿನ್ನುಗಳು ಕೆಟ್ಟವಲ್ಲ. ಗೆಳೆಯರ ಮನೆಯಲ್ಲಿ ಬಳಸಿದ್ದೇನೆ, ಬೆನ್ನಿಗೆ ಆರಾಮ, ತಾಪಮಾನವೂ ತಾನೇ ನಿಲ್ಲುತ್ತದೆ. ಆದರೆ ಅದನ್ನು ಕೊಂಡು ದುಡ್ಡು ಮುಗಿದು, ಫರ್ಮೆಂಟರನ್ನು ಲಾಂಡ್ರಿ ಕೋಣೆಯಲ್ಲಿ ಹಾಗೇ ಬಿಟ್ಟವರ ಬಿಯರನ್ನೂ ಕುಡಿದಿದ್ದೇನೆ. ಕೂಪರ್ಸ್ ಕಂಪನಿಯ 1.7 ಕೆಜಿ ಮಾಲ್ಟ್ ಪಾಕದ ಡಬ್ಬ ಒಡೆದು, ಸಕ್ಕರೆ ಬೆರೆಸಿ, ನೀರು ಹಾಕಿ 23 ಲೀಟರ್ ಮಾಡಿ 18 ಡಿಗ್ರಿಯಲ್ಲಿ ಇಟ್ಟದ್ದು ಅದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ. ಹೊಸಬರಿಗೆ ನಾನು ಹೇಳುವುದು ಆ ಡಬ್ಬ, ಒಂದು ಡ್ರಮ್ಮು, ಒಂದು ಹಳೇ ಫ್ರಿಜ್, ಒಂದು ಕಂಟ್ರೋಲರ್. ಅರ್ನ್, ಚೀಲ ಆಮೇಲೆ ಬರಲಿ.

ಈ ಚಳಿಗಾಲಕ್ಕೆ ಲಾಗರ್, ಅಂದರೆ ತಂಪಿನಲ್ಲಿ ಹುದುಗುವ ಬಿಯರ್, ಹಾಕುತ್ತಿದ್ದೇನೆ. ಡಬ್ಲ್ಯೂ-34/70 ಯೀಸ್ಟ್, ಎರಡು ಪೊಟ್ಟಣ, 12 ಡಿಗ್ರಿ, ಹುದುಗು ಮುಗಿಯುವ ಹೊತ್ತಿಗೆ 16ಕ್ಕೆ ಏರಿಸಿ ಕೆಲವು ದಿನ ಬಿಟ್ಟು ಬೆಣ್ಣೆಯಂಥ ವಾಸನೆ ಹೋಗಿಸಿ, ಆಮೇಲೆ 2 ಡಿಗ್ರಿಗೆ ಇಳಿಸಿ ಒಂದು ತಿಂಗಳು. ಇದಕ್ಕಾಗಿ ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ, ಕಂಟ್ರೋಲರಿನಲ್ಲಿ ಅಂಕಿ ಬದಲಿಸಿದರೆ ಸಾಕು.