ಕಾಂತಗೋಳದ ಗಡಿಯನ್ನು ದತ್ತಾಂಶದಲ್ಲಿ ಹುಡುಕುವ ನನ್ನ ಕ್ರಮ

ಸೂರ್ಯನಿಂದ ಹರಿದುಬರುವ ವಿದ್ಯುದಾವೇಶಿತ ಕಣಗಳ ಪ್ರವಾಹವಾದ ಸೌರಮಾರುತ ಮತ್ತು ಭೂಮಿಯ ಕಾಂತಕ್ಷೇತ್ರ ಪರಸ್ಪರ ಒತ್ತಿ ನಿಲ್ಲುವ ಗಡಿಯೇ ಮ್ಯಾಗ್ನೆಟೋಪಾಸ್; ಅದರ ಒಳಗಿನ ಪ್ರದೇಶವೇ ಕಾಂತಗೋಳ. 2015ರಲ್ಲಿ ಉಡಾವಣೆಯಾದ ನಾಸಾದ ನಾಲ್ಕು ಎಂಎಂಎಸ್ (ಮ್ಯಾಗ್ನೆಟೋಸ್ಫೆರಿಕ್ ಮಲ್ಟಿಸ್ಕೇಲ್) ನೌಕೆಗಳ ದತ್ತಾಂಶದಲ್ಲಿ ಈ ಗಡಿಯನ್ನು ಗುರುತಿಸಿ, ಅಲ್ಲಿ ಒಳಗಿನ ಮತ್ತು ಹೊರಗಿನ ಕಾಂತರೇಖೆಗಳು ಕಡಿದು ಪರಸ್ಪರ ಬೆಸೆದುಕೊಂಡವೇ, ಅಂದರೆ ಮರುಜೋಡಣೆಗೊಂಡವೇ ಎಂದು ನಿರ್ಧರಿಸುವುದು ನನ್ನ ಕೆಲಸ. ದತ್ತಾಂಶ ಎಲ್ಲರಿಗೂ ಮುಕ್ತವಾಗಿದೆ.

ಕಂಪ್ಯೂಟರಿಗೆ ಕೈಹಾಕುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಮಾಡಿಕೊಳ್ಳುತ್ತೇನೆ. ಘನ ಸೆಂಟಿಮೀಟರಿಗೆ 5 ಪ್ರೋಟಾನು, ಸೆಕೆಂಡಿಗೆ 400 ಕಿ.ಮೀ. ವೇಗವಿದ್ದರೆ ಸೌರಮಾರುತದ ಒತ್ತಡ ಸುಮಾರು 1.3 ನ್ಯಾನೋಪಾಸ್ಕಲ್. ಇತ್ತ ಸಮಭಾಜಕದಲ್ಲಿ ನೆಲಮಟ್ಟಕ್ಕೆ ಸುಮಾರು 31,000 ನ್ಯಾನೋಟೆಸ್ಲಾ ಇರುವ ಕ್ಷೇತ್ರ, 10 ಭೂತ್ರಿಜ್ಯಗಳಷ್ಟು ದೂರದಲ್ಲಿ 31ಕ್ಕೆ ಇಳಿಯುತ್ತದೆ. ಗಡಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹ ಅದನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡುತ್ತದೆ. 62 ನ್ಯಾನೋಟೆಸ್ಲಾದ ಒತ್ತಡ 1.5 ನ್ಯಾನೋಪಾಸ್ಕಲ್. ಎರಡೂ ಇಷ್ಟು ಹತ್ತಿರ ಬರುವುದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಕಾಂತೀಯ ಒತ್ತಡ ದೂರದ ಆರನೆಯ ಘಾತದಲ್ಲಿ ಇಳಿಯುವುದರಿಂದ, ಮಾರುತದ ಒತ್ತಡ ಇಮ್ಮಡಿಸಿದರೂ ಗಡಿ ಒಳಸರಿಯುವುದು ಶೇ. 11ರಷ್ಟು ಮಾತ್ರ.

ಹಾಗೆಂದು ಗಡಿ ಸುಮ್ಮನೆ ನಿಂತಿರುವುದಿಲ್ಲ. ಅಲ್ಲಿ ನೌಕೆ ಸೆಕೆಂಡಿಗೆ ಒಂದೆರಡು ಕಿ.ಮೀ. ಚಲಿಸುತ್ತಿದ್ದರೆ, ಗಡಿಯ ವೇಗ ಹತ್ತಾರು ಕಿ.ಮೀ. ವಾಸ್ತವದಲ್ಲಿ ಗಡಿಯೇ ನೌಕೆಯನ್ನು ಹಾದುಹೋಗುತ್ತದೆ, ಮತ್ತೆ ಮರಳುತ್ತದೆ. ಕೆಲವು ನೂರು ಕಿ.ಮೀ. ದಪ್ಪದ ಪದರ ಕೆಲವೇ ಸೆಕೆಂಡುಗಳಲ್ಲಿ ಸರಿದುಹೋಗುವುದರಿಂದ ಹೆಚ್ಚಿನ ವೇಗದಲ್ಲಿ ದಾಖಲಾದ ದತ್ತಾಂಶವನ್ನೇ ಬಳಸುತ್ತೇನೆ.

ಹೊಸಬರು ನೇರವಾಗಿ ಕಾಂತಮಾಪಕದ ರೇಖೆಗೆ ಹೋಗುತ್ತಾರೆ. ನಾನು ಮೊದಲು ನೋಡುವುದು ಅಯಾನುಗಳ ಶಕ್ತಿಪಟಲವನ್ನು, ಅಂದರೆ ಯಾವ ಶಕ್ತಿಯ ಅಯಾನುಗಳು ಯಾವಾಗ ಎಷ್ಟು ಬಂದವು ಎಂದು ತೋರಿಸುವ ಚಿತ್ರವನ್ನು. ಗಡಿಯ ಹೊರಗೆ ದಟ್ಟವಾದ, ಒಂದು ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಆಸುಪಾಸಿನ ಶಕ್ತಿಯ ಪ್ಲಾಸ್ಮಾ (ವಿದ್ಯುದಾವೇಶಿತ ಕಣಗಳ ಅನಿಲ). ಒಳಗೆ ವಿರಳವಾದ, ಹಲವು ಪಟ್ಟು ಬಿಸಿಯಾದ ಪ್ಲಾಸ್ಮಾ. ಈ ವ್ಯತ್ಯಾಸ ಕಣ್ಣಿಗೆ ಹೊಡೆದು ಕಾಣುತ್ತದೆ. ಹೊರಗಿನ ಕ್ಷೇತ್ರವೂ ಒಳಗಿನಂತೆ ಉತ್ತರಮುಖಿಯಾಗಿದ್ದಾಗ ಕಾಂತಮಾಪಕದಲ್ಲಿ ಗಡಿಯ ಸುಳಿವೇ ಸಿಗದಿರಬಹುದು.

ನಂತರ ಗಡಿಯ ಲಂಬದಿಕ್ಕು. ಕಾಂತಕ್ಷೇತ್ರ ಯಾವ ದಿಕ್ಕಿನಲ್ಲಿ ಅತಿ ಕಡಿಮೆ ಏರಿಳಿಯುತ್ತದೋ ಅದನ್ನೇ ಲಂಬವೆಂದು ಹಿಡಿಯುವ ವಿಧಾನವನ್ನು ಸೊನ್ನೆರುಪ್ ಮತ್ತು ಕ್ಯಾಹಿಲ್ 1967ರಲ್ಲಿ ಕೊಟ್ಟರು. ಈ ಲೆಕ್ಕ ಮೂರು ದಿಕ್ಕುಗಳ ಏರಿಳಿತದ ಅಳತೆಯಾಗಿ ಮೂರು ಐಗನ್‌ಮೌಲ್ಯಗಳನ್ನು ಕೊಡುತ್ತದೆ; ಮಧ್ಯಮ ಐಗನ್‌ಮೌಲ್ಯ ಕನಿಷ್ಠದ ಹತ್ತು ಪಟ್ಟಾದರೂ ಇಲ್ಲದಿದ್ದರೆ ಆ ದಿಕ್ಕನ್ನು ನಾನು ಒಪ್ಪುವುದಿಲ್ಲ. ಆಯ್ದ ಕಾಲಾವಧಿಯನ್ನು ತುಸು ಹಿಗ್ಗಿಸಿ, ಕುಗ್ಗಿಸಿ, ಉತ್ತರ ಅಲುಗಾಡುತ್ತದೆಯೇ ಎಂದು ನೋಡುತ್ತೇನೆ. ನಾಲ್ಕು ನೌಕೆಗಳಿಗೂ ಗಡಿ ತಲುಪಿದ ಸಮಯದ ಅಂತರದಿಂದ ಅದೇ ದಿಕ್ಕನ್ನು ಬೇರೆಯಾಗಿ ಕಂಡುಹಿಡಿದು, ಜೊತೆಗೆ ವೇಗವನ್ನೂ ಪಡೆಯುತ್ತೇನೆ.

ಈ ಕೆಲಸದಲ್ಲಿ ನಾನು ಅತಿ ಕಟ್ಟುನಿಟ್ಟಾಗಿರುವುದು ಕ್ಷೇತ್ರದ ಲಂಬಘಟಕದ ವಿಷಯದಲ್ಲಿ. ಅದು ಶೂನ್ಯವಲ್ಲದಿದ್ದರೆ ಕಾಂತರೇಖೆಗಳು ಗಡಿಯನ್ನು ದಾಟುತ್ತಿವೆ, ಗಡಿ ತೆರೆದಿದೆ ಎಂದರ್ಥ. ಹಾಗಾಗಿ ಎರಡು, ಮೂರು ನ್ಯಾನೋಟೆಸ್ಲಾ ಕಂಡರೂ ಮರುಜೋಡಣೆ ಎಂದು ಬರೆಯುವ ಆಸೆಯಾಗುತ್ತದೆ. ಆದರೆ 50 ನ್ಯಾನೋಟೆಸ್ಲಾ ಕ್ಷೇತ್ರದಲ್ಲಿ ದಿಕ್ಕು 5 ಡಿಗ್ರಿ ತಪ್ಪಿದರೆ ಸಾಕು, 4 ನ್ಯಾನೋಟೆಸ್ಲಾಗೂ ಹೆಚ್ಚಿನ ಸುಳ್ಳು ಲಂಬಘಟಕ ಹುಟ್ಟುತ್ತದೆ. ಆದ್ದರಿಂದ ನನ್ನ ತೀರ್ಪು ನಿಲ್ಲುವುದು ಪ್ಲಾಸ್ಮಾದ ವೇಗದ ಮೇಲೆ. ಮರುಜೋಡಣೆ ನಡೆದಿದ್ದರೆ ಬಾಗಿದ ಕಾಂತರೇಖೆಗಳು ನೆಟ್ಟಗಾಗುತ್ತಾ ಪ್ಲಾಸ್ಮಾವನ್ನು ಗಡಿಯುದ್ದಕ್ಕೂ ಎಸೆಯುತ್ತವೆ. ಆ ವೇಗದ ಬದಲಾವಣೆ ಆಲ್ಫ್ವೆನ್ ವೇಗದ (ಕಾಂತರೇಖೆಗಳ ಗುಂಟ ಅಲೆಗಳು ಸಾಗುವ ವೇಗದ) ಬದಲಾವಣೆಗೆ ಹೊಂದಬೇಕು. ಘನ ಸೆಂಟಿಮೀಟರಿಗೆ 20 ಪ್ರೋಟಾನು, 30 ನ್ಯಾನೋಟೆಸ್ಲಾ ಇದ್ದಲ್ಲಿ ಆಲ್ಫ್ವೆನ್ ವೇಗ ಸೆಕೆಂಡಿಗೆ ಸುಮಾರು 146 ಕಿ.ಮೀ. ವೇಗದ ಮೂರೂ ಘಟಕಗಳನ್ನು ಹೀಗೆ ಹೋಲಿಸಿ, ಬಿಂದುಗಳು ಒಂದೇ ಗೆರೆಯಲ್ಲಿ ಕೂತರೆ ಮಾತ್ರ ಮರುಜೋಡಣೆಗಳ ಪಟ್ಟಿಗೆ ಸೇರಿಸುತ್ತೇನೆ.

ಗುರುಗ್ರಹಕ್ಕೆ ಈ ಕ್ರಮವನ್ನು ಇಡಿಯಾಗಿ ಒಯ್ಯಲಾಗುವುದಿಲ್ಲ. ಗುರುವನ್ನು ಸುತ್ತುವ ನಾಸಾದ ಜುನೋ ಒಂಟಿ ನೌಕೆ, ಸಮಯದ ಅಂತರದ ಲೆಕ್ಕವಿಲ್ಲ. ಐಯೋ ಉಪಗ್ರಹದಿಂದ ಸೆಕೆಂಡಿಗೆ ಟನ್ನಿನಷ್ಟು ದ್ರವ್ಯ ಒಳಗೇ ತುಂಬಿಕೊಳ್ಳುವುದರಿಂದ ಬರೀ ಕಾಂತೀಯ ಒತ್ತಡ ಹಿಡಿದರೆ ಗಡಿ ತೀರಾ ಹತ್ತಿರ ಬರುತ್ತದೆ. ಅಲ್ಲಿ ಒಳಗಿನ ಪ್ಲಾಸ್ಮಾದ ಒತ್ತಡವನ್ನು ಸೇರಿಸಿಕೊಂಡೇ ಕಾಗದದ ಲೆಕ್ಕ ಆರಂಭಿಸುತ್ತೇನೆ.